ಊಟ ಛಲೋ ಇರುವ ಊರು

ಮೊಬೈಲಿನಲ್ಲಿ ಕಾಣುವ ಊಟವನ್ನು ನಾನು ನಂಬುವುದಿಲ್ಲ. ಮೊನ್ನೆ ರಾತ್ರಿ ಊಟಕ್ಕೆ ಕುಳಿತಾಗ ಮಗಳು ದಸರಾ ರಜೆಗೆ ಎಲ್ಲಿಗೆ ಹೋಗೋಣವೆಂದು ಒಂದು ವಿಡಿಯೊ ಮುಂದೆ ಹಿಡಿದಳು. ಊಟಕ್ಕಾಗಿಯೇ ಹೋಗಬೇಕಾದ ಊರುಗಳಂತೆ. ಬಾಳೆಲೆಯ ಮೇಲೆ ಹಬೆಯಾಡುವ ಅನ್ನ, ತುಪ್ಪ ಸುರಿಯುವ ಯಾರದೋ ಕೈ, ಕಣ್ಣು ಮುಚ್ಚಿ ತಲೆಯಾಡಿಸುವ ಒಬ್ಬ ತರುಣ. ತುತ್ತು ಇನ್ನೂ ಬಾಯಿ ಮುಟ್ಟಿಲ್ಲ, ರುಚಿ ಹೇಗೆ ತಿಳಿಯಿತು? ಅವನ ಊಟದ ಬಿಲ್ಲು ಕೊಟ್ಟವರು ಯಾರು? ಬಹಳ ವರ್ಷ ವರದಿಗಾರನಾಗಿದ್ದವನಿಗೆ ಇಂಥ ಪ್ರಶ್ನೆಗಳು ಬಿಕ್ಕಳಿಕೆಯಂತೆ ತಾವಾಗಿಯೇ ಬರುತ್ತವೆ.

"ಅಪ್ಪಾ, ನಿಮ್ಮ ಸಂಶಯಕ್ಕ ಔಷಧ ಇಲ್ಲ," ಎಂದು ಮಗಳು ಮೊಬೈಲನ್ನು ತನ್ನ ಕಡೆಗೆ ತಿರುಗಿಸಿಕೊಂಡಳು.

ಇಲ್ಲ, ನಿಜ. ಆದರೆ ನೀವು ತಿಳಿದಂತೆ ಈ ರೋಗ ನನಗೆ ಪತ್ರಿಕಾ ಕಚೇರಿಯಲ್ಲಿ ಹತ್ತಿದ್ದಲ್ಲ. ಮನೆಯಲ್ಲಿ ಹತ್ತಿದ್ದು, ಆಯಿಯಿಂದ.

ಆಯಿ ಎಂದರೆ ಅಪ್ಪನ ತಾಯಿ. ಹುಬ್ಬಳ್ಳಿಯ ನಮ್ಮ ತುಂಬಿದ ಮನೆಯಲ್ಲಿ ಕಡೆಯ ಮಾತು ಅವಳದು. ಗೌಳಿಯ ಹಾಲನ್ನು ಬೆರಳ ತುದಿಗೆ ಹಚ್ಚಿ ನೋಡುವಳು. ಅಂಗಡಿಯ ವಿಭೂತಿಯಲ್ಲಿ ಸುಣ್ಣ ಬೆರೆತಿದೆಯೇನೋ ಎಂದು ಮೂಸಿ ನೋಡಿಯೇ ಹಣೆಗೆ ಹಚ್ಚುವಳು. ಶಿವನ ಮೇಲೆ ಭಕ್ತಿ ಇತ್ತು, ಅವನ ಹೆಸರಿನಲ್ಲಿ ವ್ಯಾಪಾರ ಮಾಡುವವರ ಮೇಲೆ ಇರಲಿಲ್ಲ. ಅವಳ ಸಂಶಯಗಳಲ್ಲಿ ಅರ್ಧಕ್ಕಿಂತ ಹೆಚ್ಚು ಖರೆಯಾಗುತ್ತಿದ್ದವು ಎಂಬುದನ್ನೂ ಇಲ್ಲಿ ದಾಖಲಿಸಬೇಕು.

ಅಂಥ ಆಯಿಗೆ ತನ್ನ ಕಿರಿಯ ಮಗನ, ಅಂದರೆ ನನ್ನ ಕಾಕಾನ ಮೇಲೆಯೇ ಸಂಶಯ ಬಂದಿತ್ತು. ಕಾಕಾನಿಗೆ ದುರ್ಗದಬೈಲಿನ ಪೇಟೆಯಲ್ಲಿ ಕಾಳಿನ ಅಂಗಡಿ. ವರ್ಷಕ್ಕೊಮ್ಮೆ, ಬೇಸಿಗೆಯಲ್ಲಿ, ಮಕ್ಕಳನ್ನು ಮುಗದ ಎಂಬ ಹಳ್ಳಿಯ ಅವರಜ್ಜನ ಮನೆಗೆ ಕಳಿಸಿ, ಕಾಕಿಯನ್ನು ಕರೆದುಕೊಂಡು ಒಂದು ವಾರ ಯಾವುದಾದರೂ ಊರಿಗೆ ಹೋಗುತ್ತಿದ್ದ. ಗುಡಿ ಇರುವ ಊರಲ್ಲ, ನೆಂಟರ ಊರೂ ಅಲ್ಲ. ಯಾಕೆಂದು ಕೇಳಿದರೆ ಒಂದೇ ಉತ್ತರ: "ಅಲ್ಲಿ ಊಟ ಛಲೋ ಇರತೈತಿ." ಒಂದು ವರ್ಷ ಕೊಲ್ಹಾಪುರ, ಇನ್ನೊಂದು ವರ್ಷ ಶಿರಸಿ. ಆ ವರ್ಷ ಕಾರವಾರ ಎಂದ.

ನಾನು ಆಗಷ್ಟೇ ಪತ್ರಿಕೆಗೆ ಸೇರಿದ್ದೆ. ಆಯಿ ನನ್ನನ್ನು ಪಕ್ಕಕ್ಕೆ ಕರೆದಳು.

"ಸಮುದ್ರದ ದಂಡ್ಯಾಗ ಊಟ ಛಲೋ ಅಂದ್ರ ಎಂಥಾ ಊಟೋ? ನೀನ ಹೇಳು."

"ಮೀನ ಅಂತೀಯೇನು ಆಯಿ?"

"ನಾ ಏನೂ ಅನ್ನಾಂಗಿಲ್ಲ. ನೀ ಪೇಪರ್‌ನಾಂವ ಅದಿ. ಅವರ ಸಂಗಾಟ ಹೋಗು, ನೋಡು, ಕಂಡದ್ದು ಕಂಡಂಗ ಬಂದು ಹೇಳು. ಏನರ ಹೆಚ್ಚುಕಡಿಮಿ ಕಂಡ್ರ ಇದ ಕಡೀ ಸಲ."

ನಾನೂ ಬರುತ್ತೇನೆ ಎಂದಾಗ ಕಾಕಾ ನನ್ನ ಮುಖ ನೋಡಿ, "ಬಾರಪಾ," ಎಂದ. ಅಷ್ಟು ಸುಲಭವಾಗಿ ಒಪ್ಪಿದ್ದು ನನ್ನ ಸಂಶಯವನ್ನು ಹೆಚ್ಚಿಸಿತು.

ಕಾರವಾರದಲ್ಲಿ ಅವನ ನಡೆ ಇನ್ನೂ ವಿಚಿತ್ರವಾಗಿತ್ತು. ಹೆಸರಾದ ಖಾನಾವಳಿಯೊಂದಕ್ಕೆ ಕರೆದೊಯ್ದು, ನಮ್ಮನ್ನು ಹೊರಗೆ ನಿಲ್ಲಿಸಿ, ಒಳಗೆ ಇಣುಕಿ ಬಂದು, "ಇಲ್ಲಿ ಬ್ಯಾಡ," ಎಂದ.

"ಯಾಕ ಕಾಕಾ? ವಾಸನಿ ಇಷ್ಟ ಛಲೋ ಬರಾಕತ್ತೈತಿ!"

"ಚಪಾತಿ ಮೊದಲ ಮಾಡಿ ಡಬ್ಬಿಗೆ ತುಂಬಿಟ್ಟಾರ."

ಮುಂದಿನ ಎರಡು ಕಡೆಗಳಲ್ಲೂ ಹೀಗೆಯೇ. ಪಲ್ಯ ಏನು, ಸಾರು ಏನು ಎಂದು ಅವನು ಕೇಳಲೇ ಇಲ್ಲ. ಊಟಕ್ಕಾಗಿಯೇ ಊರು ಹುಡುಕಿ ಬಂದವನು ಚಪಾತಿಯ ಡಬ್ಬಿಯನ್ನಷ್ಟೇ ನೋಡುತ್ತಿದ್ದಾನೆ ಎಂದರೆ ಏನರ್ಥ? ಬಿಸಿಲಿನಲ್ಲಿ ಹಸಿದು ನಿಂತ ನಾನು ಇದೆಲ್ಲ ನನ್ನ ಕಣ್ಣು ತಪ್ಪಿಸುವ ಹೂಟವೆಂದೇ ತೀರ್ಮಾನಿಸಿದೆ.

ಕೊನೆಗೆ ಒಂದು ಓಣಿಯಲ್ಲಿ, ಮನೆಯ ಪಡಸಾಲೆಯಲ್ಲೇ ಊಟ ಹಾಕುವ ಹೆಂಗಸೊಬ್ಬಳು ಸಿಕ್ಕಳು. ಹಂಚಿನಿಂದ ಚಪಾತಿ ಸೀದಾ ತಾಟಿಗೆ ಬರುತ್ತಿತ್ತು. ಕಾಕಾನ ಮುಖ ಅರಳಿತು.

"ಅಕೀಗಿ ಮೊದಲ ಹಾಕ್ರಿ," ಎಂದ.

ಕಾಕಿ ಗಾಬರಿಯಾದಳು. "ಅಯ್ಯ, ಮೊದಲ ಗಂಡಸರಿಗೆ ಹಾಕ್ರಿ."

"ಸುಮ್ಮನ ಉಣ್ಣು. ಆರತೈತಿ ಅದು."

ಉಬ್ಬಿದ ಚಪಾತಿಯನ್ನು ಕಾಕಿ ಮುರಿದಳು. ಒಳಗಿನ ಹಬೆ ಬೆರಳಿಗೆ ಹತ್ತಿ "ಹಾ" ಎಂದು ಕೈ ಜಾಡಿಸಿ, ನಕ್ಕಳು. ಒಂದಾದ ಮೇಲೆ ಒಂದು ಉಂಡಳು. ನಾನೂ ಉಂಡೆ. ಕಾಕಾ ಮಾತ್ರ ತಾಟು ಹಾಕಿಸಿಕೊಳ್ಳಲಿಲ್ಲ. "ನನಗಿನ್ನೂ ಹಸಿವಿಲ್ಲ. ನೀವು ರೂಮಿಗೆ ನಡೀರಿ, ನಾ ಆಮ್ಯಾಲೆ ಬರ್ತೇನಿ," ಎಂದ.

ಸಿಕ್ಕ, ಅಂದುಕೊಂಡೆ. ಕಾಕಿಯನ್ನು ಲಾಡ್ಜಿಗೆ ಬಿಟ್ಟು, ಮೀನಿನ ಹೋಟೆಲುಗಳ ಬಾಗಿಲುಗಳನ್ನೆಲ್ಲ ದಿಟ್ಟಿಸುತ್ತ ಓಡಿದೆ. ಕಾಕಾ ಯಾವುದರಲ್ಲೂ ಇರಲಿಲ್ಲ. ನಾವು ಉಂಡ ಅದೇ ಪಡಸಾಲೆಯಲ್ಲಿದ್ದ. ಒಲೆ ಆರಿತ್ತು, ಹಂಚು ಇಳಿಸಿಯಾಗಿತ್ತು. ಉಳಿದ ತಣ್ಣನೆಯ ಚಪಾತಿಗಳನ್ನು ಪಾತ್ರೆಯ ತಳದ ಪಲ್ಯದೊಂದಿಗೆ ತಿನ್ನುತ್ತಿದ್ದ.

"ಬಾ, ಕೂಡು. ಆಯಿ ಕಳಿಸ್ಯಾಳ ಹೌದಿಲ್ಲೋ?" ಎಂದ, ತಲೆ ಎತ್ತದೆ.

"ಊಟ ಛಲೋ ಅಂತ ಇಷ್ಟ ದೂರ ಬಂದು ನೀವು ಆರಿದ್ದು ಉಣ್ಣಾಕತ್ತೀರಲ್ರಿ ಕಾಕಾ?"

"ಊಟ ಛಲೋ ಅಂದಿದ್ದೆ. ನನಗಂತ ಯಾವಾಗ ಅಂದಿದ್ದೆ?"

ನಮ್ಮ ಮನೆಯಲ್ಲಿ ಆಯಿಯ ಕಟ್ಟಳೆಯೊಂದಿತ್ತು: ಹಂಚಿನ ಮುಂದೆ ಕುಳಿತವಳು ಹಂಚು ಇಳಿಸಿದ ಮೇಲೆಯೇ ಉಣ್ಣಬೇಕು. ಹಂಚಿನ ಮುಂದೆ ಕೂರುತ್ತಿದ್ದವಳು ಕಿರಿಯ ಸೊಸೆಯಾದ ಕಾಕಿ. ನಮಗೆಲ್ಲ ಬಿಸಿ ರೊಟ್ಟಿ ಬಡಿದು ಹಾಕಿ, ಅವಳು ಉಳಿದದ್ದನ್ನು ಉಣ್ಣುತ್ತಿದ್ದಳು. ತಾಯಿಯ ಕಟ್ಟಳೆ ಮುರಿಯುವ ಧೈರ್ಯ ಕಾಕಾನಿಗಿರಲಿಲ್ಲ. ಆದ್ದರಿಂದ ವರ್ಷಕ್ಕೊಂದು ವಾರ, ಅದು ನಡೆಯದ ಊರಿಗೆ ಹೋಗಿ ಕಡೆಗೆ ಆರಿದ್ದನ್ನು ಉಣ್ಣುವ ಹೆಂಡತಿಯ ಪಾಳಿಯನ್ನು ತಾನು ಮಾಡುತ್ತಿದ್ದ.

"ಆಯಿ ಮುಂದ ಏನ್ ಹೇಳ್ತಿ?" ಎಂದ. ಆಗ ಮಾತ್ರ ಅವನ ದನಿ ಸ್ವಲ್ಪ ಇಳಿದಿತ್ತು. ಹೆಂಡತಿಯನ್ನು ಉಣ್ಣಲು ಕೂಡಿಸಿ ತಾನು ಕಾಯುವ ಮಗ, ಆಯಿಯ ಲೆಕ್ಕದಲ್ಲಿ ಮೀನು ತಿಂದವನಿಗಿಂತ ಕೆಟ್ಟವನು. ನಾನು ಬಾಯಿ ಬಿಟ್ಟರೆ ಕಾಕಿಯ ಆ ವಾರವೂ ಹೋಗುತ್ತಿತ್ತು.

ವಾಪಸು ಬರುವಾಗ ಬಸ್ಸಿನಲ್ಲಿ ಕಾಕಿಯನ್ನು ಕೇಳಿದೆ, ಇಷ್ಟು ಊರು ನೋಡಿದಿರಿ, ಯಾವ ಊರಿನ ಊಟ ಛಲೋ ಎಂದು. ಅವಳು ಬೆರಳು ಮಡಚಿ ಊರುಗಳನ್ನು ಎಣಿಸಿದಳು. "ಯಾವುದಂತ ಹೇಳ್ಲಪಾ? ನಾ ಮಾಡದ ಊಟ ಎಲ್ಲಾ ಛಲೋನ ಇತ್ತು."

ಆಯಿಯ ವಿಚಾರಣೆ ಅಂದೇ ನಡೆಯಿತು.

"ಮೀನ ಮುಟ್ಟಿಲ್ಲ ಆಯಿ. ಖರೇನ."

"ಮತ್ತೇನು ಉಂಡ್ರು?"

"ಚಪಾತಿ, ಅನ್ನ, ಸಾರು."

"ಅದನ್ನ ಉಣ್ಣಾಕ ಕಾರವಾರಕ್ಕ ಹೋಗಬೇಕೇನು? ನಮ್ಮನ್ಯಾಗ ಇಲ್ಲೇನು?"

ಸುಳ್ಳು ಹೇಳುವುದು ನನ್ನ ಕಸುಬಲ್ಲ. ಎಷ್ಟು ಖರೆ ಹೇಳಬೇಕು ಎನ್ನುವುದು ಕಸುಬು. "ಬಿಸಿ ಇತ್ತು ಆಯಿ," ಎಂದೆ.

ಆಯಿ ನನ್ನನ್ನೇ ನೋಡಿದಳು. "ಯಾರಿಗೆ?" ಎಂದು ಕೇಳಲಿಲ್ಲ. ಎಲೆಗೆ ಸುಣ್ಣ ಸವರುತ್ತಿದ್ದ ಅವಳ ಬೆರಳು ನಿಂತಿತ್ತು. ಅವಳೂ ಸೊಸೆಯಾಗಿ ಬಂದವಳೇ, ಹಂಚಿನ ಮುಂದೆ ಕುಳಿತವಳೇ. ಮರುವರ್ಷ ಕಾಕಾ ಊರಿನ ಮಾತು ತೆಗೆದಾಗ, "ಹೋಗೂದು ಹೊಂಟೀರಿ, ಇನ್ನೆರಡು ದಿನ ಇದ್ದ ಬರ್ರಿ," ಎಂದಳು. ಮನೆಯ ಕಟ್ಟಳೆಯನ್ನು ಮಾತ್ರ ಸಡಿಲಿಸಲಿಲ್ಲ. ಅವಳಿಗೆ ಎಷ್ಟು ತಿಳಿದಿತ್ತೆಂಬುದು ಇಂದಿಗೂ ಖಚಿತವಾಗಿಲ್ಲ.

"ಅಪ್ಪಾ, ಕಡೀಕ ಯಾವ ಊರು?" ಮಗಳು ಮತ್ತೆ ಕೇಳಿದಳು. ನನ್ನ ತಾಟಿನಲ್ಲಿ ಹೆಂಡತಿ ಆಗಷ್ಟೇ ಹಾಕಿ ಹೋದ ಚಪಾತಿಯಿತ್ತು. ಇದು ಕಟ್ಟಳೆಗಳಿಲ್ಲದ ಮನೆ ಎಂದು ಅಲ್ಲಿಯ ತನಕ ನಂಬಿದ್ದೆ. ಆ ನಂಬಿಕೆಯನ್ನು ಒಮ್ಮೆಯೂ ಪರಿಶೀಲಿಸಿರಲಿಲ್ಲ. ಎದ್ದು ಅಡುಗೆಮನೆಗೆ ಹೋದೆ.

"ನಿನಗ ಯಾವ ಊರಿನ ಊಟ ಛಲೋ ಅನಿಸೈತಿ?"

ಹೆಂಡತಿ ಲಟ್ಟಣಿಗೆ ನಿಲ್ಲಿಸಿ, ಮೇಲಿನಿಂದ ಕೆಳಗಿನ ತನಕ ನನ್ನನ್ನು ನೋಡಿದಳು. "ಏನಾಗೈತ್ರಿ ನಿಮಗ? ಎಂದೂ ಕೇಳಿದವರಲ್ಲ. ಏನ ಮಾಡಿ ಬಂದೀರಿ?"

"ಏನೂ ಇಲ್ಲ. ನೀ ಹೋಗಿ ಉಣ್ಣಾಕ ಕೂಡು. ಉಳಿದವನ್ನ ನಾ ಬೇಯಿಸ್ತೇನಿ."

ಅವಳು ಹೋಗಿ ಕುಳಿತಳು. ನಾನು ಮಾಡಿ ತಂದ ಚಪಾತಿ ಯಾವ ಊರಿನ ಆಕಾರದಲ್ಲೂ ಇರಲಿಲ್ಲ. ಅದನ್ನು ಎತ್ತಿ, ತಿರುಗಿಸಿ, ಹಿಂದುಮುಂದು ನೋಡಿ, ಒಂದು ಅಂಚು ಮುರಿದಳು. ಹಬೆ ಬಂತು.

"ಬಿಸಿ ಐತಿ," ಎಂದಳು, ಇನ್ನೂ ನನ್ನ ಮೇಲೆ ಕಣ್ಣಿಟ್ಟುಕೊಂಡೇ.