ಉಜ್ಜಿದರೂ ಹೋಗದ ನೀಲಿ

ಹಳೇ ಪಿಂಗಾಣಿ ಪರೀಕ್ಷಿಸುವುದು ನನ್ನ ಕೆಲಸ. ಶಿರಾದ ಅಜ್ಜಿಯೊಬ್ಬರ ಮನೆಯಲ್ಲಿ ಚೀನಾದ ಅರಮನೆಗೆಂದೇ ಮಾಡಿದ ಜಾಡಿಯಿದೆ ಎಂದು ಕೇಳಿ ಓಡಿದೆ. ಬಾಗಿಲಲ್ಲೇ ಅಜ್ಜಿ ಹೆಮ್ಮೆಯಿಂದ ಹೇಳಿದರು: “ನೀವು ಬತ್ತೀರಾ ಅಂತ ಬೂದಿ, ತೆಂಗಿನ ನಾರು ಹಾಕಿ ಗಸಗಸ ಉಜ್ಜಿ ಇಟ್ಟಿವ್ನಿ ಕಣಪ್ಪ.”

ಪಿಂಗಾಣಿಯ ಗಾಜಿನಂಥ ಹೊಳಪು ಪದರದ ಮೇಲೆ ಬಳಿದ ಕೆಂಪು, ಚಿನ್ನದ ಬಣ್ಣವಾಗಿದ್ದರೆ ಇಷ್ಟೊತ್ತಿಗೆ ಬಚ್ಚಲು ಸೇರಿರುತ್ತಿತ್ತು. ಹೆದರುತ್ತಲೇ ಜಾಡಿ ತಿರುಗಿಸಿದೆ. ನೀಲಿ ಡ್ರ್ಯಾಗನ್, ಅರಮನೆಯ ಗುರುತಾದ ಐದೂ ಉಗುರು ಚಾಚಿಕೊಂಡು ಹಾಗೇ ಇತ್ತು. ಇದರಲ್ಲಿ ಮೊದಲು ಚಿತ್ರ ಬರೆದು, ಆಮೇಲೆ ಆ ಪದರ ಹೊದಿಸಿ ಸುಟ್ಟಿದ್ದರು. ಬೂದಿಯ ಕೈಗೆ ಅದು ಸಿಗುವುದಿಲ್ಲ. ಅಬ್ಬಾ ಎಂದು ಉಸಿರು ಬಿಟ್ಟೆ.

ಅಜ್ಜಿಯ ಮುಖ ಮಾತ್ರ ಸಣ್ಣದಾಯಿತು. “ಎಷ್ಟು ಉಜ್ಜಿದ್ರೂ ಆ ಹಾವೊಂದು ಹೋಗ್ಲಿಲ್ಲ. ನಿಮ್ಮತ್ರ ಏನಾರ ಔಸ್ದಿ ಐತಾ?”

“ಇಲ್ಲಜ್ಜಿ” ಎಂದೆ. ನನ್ನ ಕೈಲಾಗದು ಅಂತ ಇಷ್ಟು ಖುಷಿಯಿಂದ ನಾನು ಯಾವತ್ತೂ ಒಪ್ಪಿಕೊಂಡವನಲ್ಲ.