ನ್ಯೂಕ್ಲಿಯಸ್ಸಿಗೆ ಮೊಣಕಾಲು ನೋಯುವುದಿಲ್ಲ

ಈ ವಯಸ್ಸಿನಲ್ಲಿ ನನಗೆ ಯಾರ ಮೇಲೂ ಹೊಟ್ಟೆಕಿಚ್ಚಿಲ್ಲ ಎಂದು ಹೇಳಿಕೊಂಡು ತಿರುಗುತ್ತೇನೆ. ಅದು ಸುಳ್ಳು. ಪರಮಾಣುವಿನ ನಡುವೆ ಕೂತಿರುತ್ತದಲ್ಲ ನ್ಯೂಕ್ಲಿಯಸ್ಸು, ಅದರ ಮೇಲೆ ನನಗೆ ಹೊಟ್ಟೆಕಿಚ್ಚು. ಅದಕ್ಕೆ ಮುಪ್ಪಿಲ್ಲ. ಸಾವಿರ ವರ್ಷ ಬಾಳಿದ್ದೂ ನಿನ್ನೆ ಹುಟ್ಟಿದ್ದೂ ಒಂದೇ ಸಮ. ವಿಕಿರಣ ಸೂಸುವ ಜಾತಿಯದಾದರೆ ಒಂದು ದಿನ ಸಿಡಿದು ಹೋಗುತ್ತದೆ, ಖರೆ. ಆದರೆ ಅದಕ್ಕೂ ಮೊದಲು ಮೊಣಕಾಲು ಹಿಡಿದುಕೊಂಡು ಮಾಳಿಗೆಯ ಮೆಟ್ಟಿಲು ಹತ್ತುವ ಪ್ರಸಂಗ ಅದಕ್ಕೆ ಬರುವುದೇ ಇಲ್ಲ.

ಇದನ್ನೆಲ್ಲ ನನಗೆ ಕಲಿಸಿದವಳು ಮೊಮ್ಮಗಳು ರೇಖಾ. ಆಗ ಅವಳು ಬಿ.ಎಸ್ಸಿ. ಕೊನೆಯ ವರ್ಷ, ದಿನಾ ಬ್ಯಾಡಗಿಯಿಂದ ಹಾವೇರಿಗೆ ರೈಲಿನಲ್ಲಿ ಹೋಗಿ ಬರುತ್ತಿದ್ದಳು. ಸಂಜೆ ಕೆಳಗೆ ನನ್ನ ಮಗ ಫೋನಿನಲ್ಲಿ ಮೆಣಸಿನಕಾಯಿ ದರ ಕೂಗುತ್ತಿದ್ದನಾದ್ದರಿಂದ ಅವಳ ಓದು ಮಾಳಿಗೆಯ ಮೇಲೆ. ಒಂದು ಕಡೆ ಕೆಂಪಗೆ ಹರಡಿದ ಕಾಯಿ, ಇನ್ನೊಂದು ಕಡೆ ನಾನು, ನಡುವೆ ಅವಳು. ಗಟ್ಟಿಯಾಗಿ ಓದುತ್ತಿದ್ದಳು, ನಾನು ಪುರಾಣ ಕೇಳಿದಂತೆ ಕೇಳುತ್ತಿದ್ದೆ. ಕ್ವಾರ್ಕು ಎಂಬ ಕಣಗಳಿವೆಯಂತೆ. ಒಂದರ ಹೆಸರು ವಿಚಿತ್ರ, ಇನ್ನೊಂದರದು ಮೋಹಕ. ಹೆಣ್ಣು ನೋಡಲು ಬಂದ ಬೀಗರ ಗುಂಪಿನಲ್ಲೂ ಇಂಥವರೇ ಇರುತ್ತಾರೆ. ನ್ಯೂಟ್ರಿನೊ ಎಂಬುದಕ್ಕೆ ಗೋಡೆಯೂ ಇಲ್ಲ, ಬಾಗಿಲೂ ಇಲ್ಲ; ನಮ್ಮ ಮೈಯನ್ನೇ ತೂರಿ ಹೋಗುತ್ತಿರುತ್ತದಂತೆ, ಲೆಕ್ಕವಿಲ್ಲದಷ್ಟು, ಈಗಲೂ. ಅದನ್ನು ಕೇಳಿದ ದಿನ ಚಾಪೆಯ ಮೇಲೆ ಮಲಗಿ ಆಕಾಶ ನೋಡುತ್ತ, ನಾನೊಂದು ಜಾಳು ನೇಯ್ಗೆಯ ಸೀರೆ, ಲೋಕವೆಲ್ಲ ನನ್ನೊಳಗಿಂದ ಗಾಳಿಯಂತೆ ಹಾದುಹೋಗುತ್ತಿದೆ ಅನ್ನಿಸಿತು. ಸೊಸೆ ಬಂದು, "ಅತ್ತೀ, ನಿದ್ದಿ ಹತ್ತೇತೇನ್ರಿ?" ಎಂದಳು. ಹೌದು ಎಂದೆ. ಇದನ್ನು ಅವಳಿಗೆ ಹೇಗೆ ವಿವರಿಸಲಿ?

ರೇಖಾಗೆ ಎಲ್ಲ ಗೊತ್ತಿತ್ತು. ಗೊತ್ತಿಲ್ಲದಿದ್ದುದು ಬಾಯಿ ತೆರೆಯುವುದು. ಕಾಲೇಜಿನವರು ಒಮ್ಮೆ ಮೌಖಿಕ ಪರೀಕ್ಷೆಯ ತಾಲೀಮು ಮಾಡಿಸಿದಾಗ ಮೇಷ್ಟರ ಮುಂದೆ ಕಂಬದಂತೆ ನಿಂತು ಬಂದಿದ್ದಳು.

"ಹೊರಗಿನ ಪರೀಕ್ಷಕರು ಬರ್ತಾರವ್ವಾ. ಅವರ ಮುಂದೂ ಹಿಂಗ ನಿಂತ್ರ ನಾ ಏನೂ ಮಾಡಾಕ ಬರಂಗಿಲ್ಲ," ಎಂದಿದ್ದರಂತೆ ಅವರು. ಆ ಅಂಕ ಹೋದರೆ ಧಾರವಾಡದಲ್ಲಿ ಎಂ.ಎಸ್ಸಿ. ಸೀಟು ಸಿಗುವಂತಿರಲಿಲ್ಲ. ಹುಡುಗಿಗೆ ಬೇರೆ ಆಸೆಯೇ ಇರಲಿಲ್ಲ, ಅದೊಂದೇ. ಸೊಸೆ ಕದರಮಂಡಲಗಿಯ ಹನುಮಪ್ಪನಿಗೆ ಹರಕೆ ಹೊತ್ತಳು. ಹನುಮಪ್ಪ ಬೆಟ್ಟ ಎತ್ತಿದವನು, ನಿಜ. ಆದರೆ ಪರಮಾಣುವಿನಷ್ಟು ಸಣ್ಣ ವಸ್ತು ಅವನ ಕೈಗೆ ಸಿಕ್ಕೀತೇ ಎಂಬ ಅನುಮಾನದಿಂದ ನಾನೇ ಪರೀಕ್ಷಕಿಯಾಗಿ ಕೂತೆ.

ಒಂದು ಸಂಜೆ ಅವಳು ನನಗೆ ಅರ್ಧಾಯುಷ್ಯ, ಅಂದರೆ ಗುಂಪಿನಲ್ಲಿ ಅರ್ಧದಷ್ಟು ನ್ಯೂಕ್ಲಿಯಸ್ಸು ಸಿಡಿಯಲು ಹಿಡಿಯುವ ಕಾಲ, ಹೇಳಿಕೊಡಲು ಹೊರಟಳು. (ದೀಪ ಹಚ್ಚುವ ಹೊತ್ತಿನಲ್ಲಿ ಎಂಥ ಮಾತು ಎಂದು ಸೊಸೆ ಗದರಿದಳು, ಇರಲಿ.) ಚೌಕಾಬಾರ ಆಡುವ ಹುಣಸೆ ಬೀಜದ ಹೋಳುಗಳು ಗೊತ್ತಲ್ಲ, ಒಂದು ಮಗ್ಗುಲು ಬಿಳಿ, ಒಂದು ಮಗ್ಗುಲು ಕಂದು. ಹಿಡಿ ತುಂಬ ಹೋಳು ಚೆಲ್ಲಿದಳು. ಬಿಳಿ ಬಿದ್ದವು ಸಿಡಿದುಹೋದ ನ್ಯೂಕ್ಲಿಯಸ್ಸುಗಳು, ತೆಗೆದಿಟ್ಟಳು. ಉಳಿದದ್ದು ಸುಮಾರು ಅರ್ಧ. ಅವನ್ನು ಮತ್ತೆ ಚೆಲ್ಲಿದಳು, ಮತ್ತೆ ಅರ್ಧ. ಹೀಗೆ ಕರಗಿ ಕರಗಿ ಕೊನೆಗೆ ಒಂದೇ ಒಂದು ಹೋಳು ಉಳಿಯಿತು. ಎಸೆದಾಗಲೆಲ್ಲ ಕಂದು ಬೆನ್ನು ತೋರಿಸಿ ಬೀಳುತ್ತಿತ್ತು. ನನಗೆ ಅದರ ಮೇಲೆ ಮಮತೆ ಹುಟ್ಟಿತು.

"ಪಾಪ, ದಣದೈತಿ. ಮುಂದಿನ ಸರ್ತಿ ಬಿಳೀನ ಬೀಳ್ತೈತಿ ನೋಡು," ಎಂದೆ.

"ಅಲ್ಲಬೇ ಆಯಿ! ತಾ ಎಷ್ಟ ಸರ್ತಿ ಉಳದೇನಂತ ಅದಕ್ಕೇನ ಗೊತ್ತು? ಅದಕ್ಕ ಪ್ರತೀ ಸರ್ತೀನೂ ಮೊದಲನೇ ಸರ್ತೀನ. ಯಾವಾಗ ಒಡೀತೈತಿ ಅಂತ ಯಾರಿಗೂ ಹೇಳಾಕ ಬರಂಗಿಲ್ಲ!"

ಅಬ್ಬಾ, ಕಂಬಕ್ಕೆ ಬಾಯಿ ಬಂದಿತ್ತು! ಆಗ ಹೊಳೆಯಿತು: ತಿಳಿದವರ ಮುಂದೆ ಮೂಕಿಯಾಗುವ ಹುಡುಗಿ, ತಪ್ಪು ಹೇಳುವವರ ಮುಂದೆ ಹೊಳೆಯಾಗುತ್ತಾಳೆ. ಮರುದಿನದಿಂದ ನಾನು ತಪ್ಪು ಹೇಳುವ ಕಸುಬು ಹಿಡಿದೆ.

"ಬೀಟಾ ಕಿರಣ ಅಂದ್ರ ನ್ಯೂಕ್ಲಿಯಸ್ ಸಿಡಿದಾಗ ಹೊರಗ ಬರೋ ಎಲೆಕ್ಟ್ರಾನ್ ಅಂತೀ. ಹಂಗಾರ ಅದು ಮೊದಲ ನ್ಯೂಕ್ಲಿಯಸ್ ಒಳಗ ಅಡಗಿ ಕುಂತಿತ್ತು, ಅಲ್ಲೇನು?"

"ಇಲ್ಲಬೇ! ಹೊರಗ ಬರೋ ಹೊತ್ತಿಗೇ ಹುಟ್ಟತೈತಿ. ನಿನ್ನ ಮಾತು ಮೊದಲ ಬಾಯಾಗ ಅಡಗಿ ಕುಂತಿರ್ತೈತೇನು?"

ಕುಂತಿರ್ತೈತಿ, ಭಾಳ ವರ್ಷದಿಂದ, ಎನ್ನಬೇಕೆಂದುಕೊಂಡೆ. ಅದರ ಬದಲು ಮುಂದಿನ ತಪ್ಪು ಹುಡುಕಿದೆ. ಇವುಗಳಲ್ಲಿ ಎಷ್ಟು ತಪ್ಪು ಬೇಕೆಂದೇ ಹೇಳಿದ್ದು, ಎಷ್ಟು ನಿಜಕ್ಕೂ ತಿಳಿಯದೆ ಹೇಳಿದ್ದು ಎಂದು ಕೇಳಬೇಡಿ. ಕಲಾವಿದರು ಅದನ್ನೆಲ್ಲ ಹೇಳುವುದಿಲ್ಲ.

ಅವಳು ಓದುತ್ತ ಹೋದಂತೆ ನನ್ನ ಮನಸ್ಸು ಎಲ್ಲೆಲ್ಲೋ ಅಲೆಯುತ್ತಿತ್ತು. ಎಲ್ಲ ಕಲ್ಲಿನಲ್ಲೂ ಸಿಡಿಯಲು ಕಾಯುವ ಇಂಥ ನ್ಯೂಕ್ಲಿಯಸ್ಸುಗಳು ಒಂದಿಷ್ಟು ಇರುತ್ತವಂತೆ. ಹಾಗಾದರೆ ದೇವರಗುಡ್ಡದ ಬಂಡೆಯೊಳಗೂ ಒಂದು ಇದ್ದೀತು. ಭೂಮಿ ಬಿಸಿಯಾಗಿದ್ದುದನ್ನು ಕಂಡದ್ದು, ಮೊದಲ ಮಳೆ ಕಂಡದ್ದು, ನಾನು ಮದುವೆಯಾದ ಹೊಸದರಲ್ಲಿ ಆ ಬಂಡೆಯ ಮೇಲೆ ಕೂತು ಬುತ್ತಿ ಬಿಚ್ಚಿದ್ದನ್ನೂ ಕಂಡದ್ದು. ಇಷ್ಟೆಲ್ಲ ಕಂಡೂ ಅದಕ್ಕೆ ಒಂದು ದಿನವೂ ವಯಸ್ಸಾಗಿಲ್ಲ. ಯಾಕೆಂದರೆ ಅದಕ್ಕೆ ಏನೂ ನೆನಪಿಲ್ಲ. ಇಲ್ಲಿಗೆ ಬಂದಾಗ ನನ್ನ ಹೊಟ್ಟೆಕಿಚ್ಚು ಸ್ವಲ್ಪ ತಣ್ಣಗಾಗುತ್ತಿತ್ತು. ಆ ಬುತ್ತಿಯ ಶೇಂಗಾ ಚಟ್ನಿಯ ನೆನಪನ್ನು ನೋಯದ ಮೊಣಕಾಲಿಗಾಗಿ ಬಿಟ್ಟುಕೊಡಲು ನಾನು ತಯಾರಿಲ್ಲ.

ಪರೀಕ್ಷೆಯ ದಿನ ರೇಖಾ ಅಳುತ್ತ ಮನೆಗೆ ಬಂದಳು. "ಎಲ್ಲಾ ಹಾಳಾತು ಆಯಿ, ನಿನ್ನಿಂದನ!"

ಆದದ್ದಿಷ್ಟು. ರಾಣೆಬೆನ್ನೂರಿನಿಂದ ಬಂದ ಪರೀಕ್ಷಕರು, ದೊಡ್ಡ ಮೀಸೆಯವರು, ಏನು ಕೇಳಿದರೂ ಇವಳು ಮತ್ತೆ ಕಂಬವಾಗಿದ್ದಳು. ಕೊನೆಗೆ ಅವರು, "ಅಲ್ಲವ್ವಾ, ಒಂದು ನ್ಯೂಕ್ಲಿಯಸ್ ಭಾಳ ದಿನದಿಂದ ಉಳದೈತಿ. ಹಳೇದಾತು, ಇನ್ನ ಲಗೂನ ಒಡೀತೈತಿ, ಹೌದಿಲ್ಲೋ?" ಎಂದರು. ಅಷ್ಟೇ. ಇವಳ ಬಾಯಿಂದ ತಾನಾಗಿ ಹಾರಿತು:

"ಎಷ್ಟ ಸಲ ಹೇಳಬೇಕಬೇ ನಿನಗ! ಅದಕ್ಕ ವಯಸ್ಸ ಆಗಂಗಿಲ್ಲ!"

ನಮ್ಮ ಕಡೆ 'ಬೇ' ಎನ್ನುವುದು ಸಲಿಗೆಯ ಹೆಂಗಸರಿಗೆ. ಪಕ್ಕದಲ್ಲಿದ್ದ ಮೇಷ್ಟರಿಗೆ ಕೆಮ್ಮು ಬಂತಂತೆ.

"ಮತ್ತ ಅವರೇನಂದ್ರು?" ಎಂದೆ.

"ಮೀಸಿ ತಿರುವಿಕೊಂಡ್ರು. ಆಮ್ಯಾಗ, 'ನನಗ ತಿಳೀಲಿಲ್ಲವ್ವಾ, ಇನ್ನೊಮ್ಮೆ ಬಿಡಿಸಿ ಹೇಳು' ಅಂದ್ರು. ಹೇಳಿದೆ. ಅವರಿಗೆ ಏನೂ ತಿಳೀವಲ್ದಬೇ! ಎಲ್ಲಾನೂ ನಾನ ಹೇಳಬೇಕಾತು."

ನನಗೆ ನಗು ತಡೆಯಲಾಗಲಿಲ್ಲ. ಅವರೂ ನನ್ನ ಕಸುಬಿನವರೇ. ಸೀಟು ಸಿಕ್ಕಿತು. ಸೊಸೆ ಹನುಮಪ್ಪನಿಗೆ ಕಾಯಿ ಒಡೆಸಿದಳು. ನನಗೆ ಯಾರೂ ಒಡೆಸಲಿಲ್ಲ.

ಈಗ ರೇಖಾ ಧಾರವಾಡದ ಹಾಸ್ಟೆಲಿನಲ್ಲಿದ್ದಾಳೆ. ನಾನು ಮೊಬೈಲಿನಲ್ಲಿ ಮೆಸೇಜು ಕುಟ್ಟಲು ಕಲಿತಿದ್ದೇನೆ, ಇಂಗ್ಲಿಷ್ ಅಕ್ಷರದ ಕನ್ನಡ, ಹೆಬ್ಬೆರಳಿಗೆ ಹೊಸ ಸಂಸಾರ. ಊಟ ಆಯಿತೇ ಎಂದು ಕಳಿಸಿದರೆ 'ಹೂಂ' ಎಂದು ಸಂಜೆಗೆ ಉತ್ತರ ಬರುತ್ತಿತ್ತು. ಸರಿಯಾಗಿ ಮಾತಾಡುವವರನ್ನು ಜನ ಗೌರವಿಸುತ್ತಾರೆ. ಹುಡುಕಿಕೊಂಡು ಬಂದು ಮಾತಾಡಿಸುವುದು ತಪ್ಪು ಹೇಳುವವರನ್ನೇ. ಹಾಗಾಗಿ ನಿನ್ನೆ ಕುಟ್ಟಿದೆ: ಪ್ರೋಟಾನಿಗಿಂತ ಎಲೆಕ್ಟ್ರಾನು ಭಾರವಂತೆ, ಹೌದೇ?

ಫೋನು ಕೆಳಗಿಡುವುದರೊಳಗೆ ರಿಂಗಾಯಿತು.

"ಆಯಿ! ಯಾರ ಹೇಳಿದ್ರಬೇ ನಿನಗ?"

"ಅಲ್ಲೇನು?" ಎಂದು, ಬೆನ್ನಿಗೆ ದಿಂಬು ಎಳೆದುಕೊಂಡು ಆರಾಮಾಗಿ ಕೂತೆ.