ತಿರುಗದ ಲೇತಿಗೆ ಪೂಜೆ

ಮೊನ್ನೆ ಗೇಟಿನ ಬಿಜಾಗರಿ ಮುರಿಯಿತೆಂದು ಹೊನ್ನಾವರದ ಒಂದು ವರ್ಕ್‌ಶಾಪಿಗೆ ಹೋಗಿದ್ದೆ. ಬಿಸಿ ಕಬ್ಬಿಣಕ್ಕೆ ಎಣ್ಣೆ ಸೋಕಿದಾಗ ಏಳುವ ವಾಸನೆ ಮೂಗಿಗೆ ಬಡಿದದ್ದೇ ತಡ, ನನ್ನ ಕಾಲುಗಳು ತಾವಾಗಿಯೇ ಚಪ್ಪಲಿ ಕಳಚಿಬಿಟ್ಟವು. ಮಾಲೀಕ ನಕ್ಕ. “ಎಂತ ಮಾರಾಯ್ರೆ, ಇದು ದೇವಸ್ಥಾನ ಅಲ್ಲ. ಹಾಕ್ಕಂಡೇ ಬನ್ನಿ, ಕಾಲಿಗೆ ಚುಚ್ಚಿದ್ರೆ ಕಷ್ಟ.” ಹುಟ್ಟುಗುಣ ಸುಟ್ಟರೂ ಹೋಗುವುದಿಲ್ಲ ಎನ್ನುತ್ತಾರಲ್ಲ, ಶಾಲೆಯಲ್ಲಿ ಕಲಿತದ್ದೂ ಹಾಗೆಯೇ ನೋಡಿ.

ಮಂಕಿ ಊರಿನ ಕಡೆಯ ನಮ್ಮ ಹೈಸ್ಕೂಲಿನಲ್ಲಿ ‘ಟೆಕ್ನಿಕಲ್’ ಅನ್ನುವ ಒಂದು ವಿಷಯವಿತ್ತು. ಡ್ರಾಯಿಂಗ್ ಹಲಗೆ, ಅರ, ಸುತ್ತಿಗೆ, ಜೊತೆಗೆ ಕೋಣೆಯ ನಡುವೆ ಕಬ್ಬಿಣವನ್ನು ತಿರುಗಿಸಿ ಕಡೆಯುವ, ಹಸಿರು ಬಣ್ಣದ ಒಂದು ಲೇತ್ ಮಷಿನ್. ಅದಕ್ಕೆ ಬೇಕಾದ ಕರೆಂಟು ಶಾಲೆಗೆ ಬರಲೇ ಇಲ್ಲ. ಅದನ್ನು ನಡೆಸಲು ಗೊತ್ತಿದ್ದ ಒಬ್ಬ ಮೇಷ್ಟ್ರೂ ವರ್ಗವಾಗಿ ಹೋದರು. ತಿರುಗದ ಮಷಿನ್‌ಗೆ ಇನ್ನೇನು ಮಾಡುವುದು? ಪೂಜೆ ಮಾಡಿದೆವು. ಆಯುಧಪೂಜೆಯ ದಿನ ಅದರ ಮುಂದೆಯೇ ಕಾಯಿ ಒಡೆಯುತ್ತಿದ್ದೆವು. ಕಾಯಿನೀರು ಸಿಡಿದಲ್ಲೆಲ್ಲ ತುಕ್ಕು. ಅದನ್ನು ಒರೆಸಿದರೆ ತೀರ್ಥ ಒರೆಸಿದಂತೆ ಎಂದು ಯಾರೂ ಮುಟ್ಟುತ್ತಿರಲಿಲ್ಲ. ಆ ಕೋಣೆಗೆ ಚಪ್ಪಲಿ ಹಾಕಿಕೊಂಡು ಹೋದವನಿಗೆ ಹೆಡ್‌ಮಾಸ್ತರರಿಂದ ಕಿವಿ ಹಿಂಡುವ ಪ್ರಸಾದ. ನನಗೂ ಸಿಕ್ಕಿತ್ತು.

ನಾಗವೇಣಿ ನನ್ನ ತರಗತಿಯವಳು. ಅವಳ ಅಪ್ಪ ಮೀನುಗಾರಿಕೆಯ ಬೋಟಿಗೆ ಹೋಗುತ್ತಿದ್ದರು. ಬೋಟಿನ ಅಡಿಯಲ್ಲಿ ತಿರುಗುವ ಫ್ಯಾನು ಬಂಡೆಗೆ ತಾಗಿ ಮುರಿದರೆ ಹೊಸದು ದೂರದಿಂದ ಬರಬೇಕು. ಅಲ್ಲಿಯವರೆಗೆ ಮನೆಯಲ್ಲಿ ಗಂಜಿಯೇ ಗತಿ. ಆ ಫ್ಯಾನನ್ನು ಅವಳು ಮುಂದಿನಿಂದ, ಮೇಲಿನಿಂದ, ಪಕ್ಕದಿಂದ ಕಂಡಂತೆ ಬರೆಯುತ್ತಿದ್ದಳು. ನನ್ನ ಚಿತ್ರದಲ್ಲಿ ಅದು ದಾಸವಾಳದ ಹೂವಾಗುತ್ತಿತ್ತು; ಅವಳದು ಈಗ ತಿರುಗೀತು ಅನ್ನುವ ಹಾಗಿರುತ್ತಿತ್ತು. “ನಂಗೆ ಇದ್ರ ಎರಕದ ಅಚ್ಚು ಮಾಡುಕೆ ಕಲೀಬೇಕು ಮಾರಾಯ. ಇಲ್ಲೇ ಮಾಡ್ರೆ ಅಪ್ಪ ದಡದಲ್ಲಿ ಕೂತ್ಕಳುದು ತಪ್ತದೆ” ಎನ್ನುತ್ತಿದ್ದಳು. ಹುಡುಗಿಯರು ಡಾಕ್ಟರು, ಟೀಚರು ಎಂದೆಲ್ಲ ಹೇಳುವ ವಯಸ್ಸಿನಲ್ಲಿ ಇವಳದು ಅಚ್ಚಿನ ಕನಸು. ನಾವು ನಗುತ್ತಿದ್ದೆವು.

ಹತ್ತನೇ ತರಗತಿ ಮುಗಿದ ಮೇಲೆ ಘಟ್ಟದ ಮೇಲಿನ ಒಂದು ತರಬೇತಿ ಕೇಂದ್ರಕ್ಕೆ ನಾವಿಬ್ಬರೂ ಆಯ್ಕೆಗೆ ಹೋದೆವು. ಲಿಖಿತ ಪರೀಕ್ಷೆಯಲ್ಲಿ ಅವಳೇ ಮುಂದೆ. ಮಧ್ಯಾಹ್ನ ಮಷಿನ್‌ಗಳ ಕೋಣೆಗೆ ಕರೆದರು. ಬಾಗಿಲಲ್ಲಿ ಅವಳು ಚಪ್ಪಲಿ ಬಿಟ್ಟು, ಮೊದಲ ಲೇತನ್ನು ಮುಟ್ಟಿ ಕಣ್ಣಿಗೊತ್ತಿಕೊಂಡಳು. ನಾನೂ ಕಾಲಿನದನ್ನು ಬಿಡುವವನೇ ಇದ್ದೆ, ಆದರೆ ನನ್ನ ಸ್ಯಾಂಡಲ್ಲಿನ ಬಕಲ್ ಜಾಮಾಗಿತ್ತು, ಬಗ್ಗಿ ಜಗ್ಗುತ್ತಿದ್ದೆ. ಅಷ್ಟರಲ್ಲಿ ಅವಳ ಕೂಗು. ಲೇತಿನಿಂದ ಉದುರಿ ನೆಲದಲ್ಲಿ ಬಿದ್ದಿದ್ದ ಕಬ್ಬಿಣದ ಚೂಪು ಸುರುಳಿ ಅಂಗಾಲು ಸೀಳಿತ್ತು.

“ಬರಿಗಾಲಲ್ಲಿ ಮಷಿನ್ ಹತ್ರ ಬರ್ತಾರೇನಮ್ಮಾ? ಯಾರು ಕಲಿಸಿದ್ದು ನಿನಗೆ?” ಎಂದು ಅಲ್ಲಿಯವರು ಗದರಿದರು.

“ನಮ್ ಶಾಲೇಲಿ ಹಾಂಗೇ ಸರ್” ಎಂದಳು.

ಯಾರೋ ನಕ್ಕರು. ಬ್ಯಾಂಡೇಜು ಕಟ್ಟಿದರು. ಸುರಕ್ಷತೆಯ ಅರಿವೇ ಇಲ್ಲದವಳನ್ನು ಮಷಿನ್ ಹತ್ತಿರ ಬಿಡಲಾಗದು ಎಂದು ಅವಳನ್ನು ವಾಪಸು ಕಳಿಸಿದರು. ನನಗೆ ಸೀಟು ಸಿಕ್ಕಿತು. ಬಕಲ್ಲಿನ ದಯೆಯಿಂದ ಓದಿದವನು ನಾನು. ಈಗ ಕುಮಟೆಯಲ್ಲಿ ಪಂಪ್‌ಸೆಟ್ ಮಾರುತ್ತೇನೆ, ಬಿಜಾಗರಿ ಮುರಿದರೆ ಇನ್ನೊಬ್ಬರ ಬಳಿ ಹೋಗುತ್ತೇನೆ. ನಾಗವೇಣಿ ಸಿಗಡಿ ಸುಲಿಯುವ ಶೆಡ್ಡಿನಲ್ಲಿದ್ದಾಳೆ. ಐಸ್ ನೀರಲ್ಲಿ ಅವಳ ಬೆರಳುಗಳು ಬಿಳುಚಿ ಸೆಟೆದಿವೆ, ಪೆನ್ಸಿಲು ಹಿಡಿಯಲು ಬರುವುದಿಲ್ಲ. ನೆನೆದರೆ ನನಗೆ ಸಿಟ್ಟು ಬರುತ್ತದೆ. ಯಾರ ಮೇಲೆ ಎಂದು ಕೇಳಬೇಡಿ. ಭಕ್ತಿಯ ಮೇಲೆ ಸಿಟ್ಟು ಮಾಡಿ ಗೆದ್ದವರುಂಟೇ?

ವರ್ಕ್‌ಶಾಪಿನಿಂದ ಮನೆಗೆ ಬಂದ ಸಂಜೆ ಅವಳದೇ ಫೋನು. ಮಗಳು ಈಗ ಅದೇ ಶಾಲೆಯಲ್ಲಿ ಒಂಬತ್ತನೇ ತರಗತಿ. ಮೂರನೇ ಭಾಷೆ ಹಿಂದಿಯ ಬದಲು ಮಷಿನ್ ಕೆಲಸ ತೆಗೆದುಕೊಳ್ಳಬಹುದಂತೆ. ಹೊಸ ಮಷಿನ್ ಬಂದಿದೆಯಂತೆ, ಆದರೆ ಕೋಣೆಗೆ ಬೀಗ, ಮಕ್ಕಳು ಯಾರೂ ನೋಡಿಲ್ಲವಂತೆ. ಮಗಳಿಗೆ ಅದೇ ಬೇಕಂತೆ. “ನೀನೊಂದ್ಸಲ ಕಂಡ್ಕಂಡು ಬಾ. ನಂಗೆ ಆ ಕೋಣೆ ಒಳಗೆ ಹೋಗುಕೆ ಆಗುದಿಲ್ಲ” ಎಂದಳು.

ಮರುದಿನ ಸಂಜೆ ಶಾಲೆ ಬಿಟ್ಟ ಮೇಲೆ ಹೋದೆ, ಜವಾನ ಬೀಗ ತೆಗೆದ. ಹೊಸ ಮಷಿನ್ ನಿಜಕ್ಕೂ ಇತ್ತು, ಪ್ಲಾಸ್ಟಿಕ್ ಹೊದಿಕೆ ಹಾಗೇ ಇತ್ತು. ಮೇಲೊಂದು ಒಣಗಿದ ಚೆಂಡುಹೂವಿನ ಮಾಲೆ. “ಪೂಜೆ ಆತು ಸರ್. ಕಲಿಸೋರು ಬರ್ಬೇಕು, ಕರೆಂಟಿಗೂ ಬರ್ದಿದ್ದಾರೆ” ಎಂದ ಜವಾನ. ಶಾಲೆಯ ಹೊರಗೆ ನಿಂತು ಅವಳಿಗೆ ಫೋನು ಮಾಡಿದೆ. ಸುಳ್ಳು ಹೇಳಲೇ ಎಂದು ಒಂದು ಕ್ಷಣ ಅನಿಸಿತು.

“ತಿರುಗ್ತಾ?” ಅವಳು ಕೇಳಿದ್ದು ಅದೊಂದೇ.

“ಇಲ್ಲ.”

ಆ ಕಡೆ ಐಸ್ ಸುರಿಯುವ ಸದ್ದು ಕೇಳುತ್ತಿತ್ತು. “ಹಾಂಗಾರೆ ಹಿಂದಿ ಭಾಷೆನೇ ಕಲೀಲಿ ಬಿಡು” ಎಂದಳು.

ಪಕ್ಕದಲ್ಲೇ, ಶಾಲೆ ಮುಗಿಸಿ ಶೆಡ್ಡಿಗೆ ಬಂದಿದ್ದ ಮಗಳ ದನಿ: “ಅಮ್ಮಾ, ಎಂತ ಹೇಳಿದ್ರು? ಮಷಿನ್ ಇದ್ಯಂತಾ?”

“ಇದ್ಯಂತೆ ಮಗಾ” ಎಂದಳು ನಾಗವೇಣಿ. “ಹೂ ಹಾಕಿ ಇಟ್ಟಿದ್ದಾರಂತೆ.”